ಇಸ್ತ್ರಿ ಹಾಕಿದ ಅಂಗಿ

ಭಾನುವಾರ, ಮಧ್ಯಾಹ್ನ

ಪುಟ್ಟೀ,

ನೀನು ಊಟ ಮುಗಿಸಿ ಕೂತ ಹೊತ್ತಿಗೆ ಇದು ನಿನ್ನ ಕೈ ಸೇರಲಿ. ಹಸಿದ ಹೊಟ್ಟೆಯಲ್ಲಿ ಓದಬೇಡ.

ಅಪ್ಪನ ಬಟ್ಟೆ ಯಾರಿಗಾದರೂ ಕೊಟ್ಟುಬಿಡು, ನೋಡಿದರೆ ಸಂಕಟವಾಗುತ್ತದೆ ಎಂದು ಬರೆದಿದ್ದೀಯ. ಕೊಟ್ಟೆ. ಆ ನೀಲಿ ಅಂಗಿ ಮಾತ್ರ ಇರಲಿಲ್ಲ. ಅದು ಅವರ ಮೈಮೇಲೇ ಹೋಯಿತಲ್ಲ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನೆನಪಿದೆಯಾ? ವಾರದಿಂದ ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯ. ಬೇಗ ಹೊರಡೋಣವೆಂದರೆ ನೀನು ಬಿಡಲಿಲ್ಲ. "ನಾಲ್ಕು ಜನ ನೋಡೋ ಜಾಗ ಅಮ್ಮಾ, ಮಗಳು ಇದ್ದೂ ಹೀಗೆ ಬಿಟ್ಟಿದಾಳೆ ಅಂತಾರೆ" ಎಂದೆ. ನೀನೇ ಅವರ ಗಡ್ಡ ಹೆರೆದೆ, ತಲೆ ಬಾಚಿದೆ, ಕೆನ್ನೆಗೆ ಪೌಡರ್ ಹಚ್ಚಿದೆ, ಆ ನೀಲಿ ಅಂಗಿಗೆ ಇಸ್ತ್ರಿ ಹಾಕಿದೆ. "ಇದೇನೇ, ನಂಗೆ ಇನ್ನೊಂದು ಹೆಣ್ಣು ನೋಡಿದೀಯೇನೇ?" ಎಂದು ಅವರು ನಕ್ಕರು. ನಕ್ಕಿದ್ದಕ್ಕೇ ಕೆಮ್ಮು ಹತ್ತಿತು.

ಅಲ್ಲಿ ಮುದುಕರಿಗೆ ಬೇರೆ ಬೆಂಚು. ಹಾಸಿಗೆ ಕಡಿಮೆ, ಮುದುಕರು ಹೆಚ್ಚು. ಮುಖ ನೋಡಿ ಮಣೆ ಹಾಕುವ ಜಾಗ. ನರ್ಸಮ್ಮ ಬೆಂಚಿನುದ್ದ ಒಮ್ಮೆ ನಡೆದು, ಯಾರನ್ನು ಡಾಕ್ಟರ ಹತ್ತಿರ ಬಿಡಬೇಕೆಂದು ಅವಳೇ ತೀರ್ಮಾನಿಸುತ್ತಾಳೆ. ಪಕ್ಕದಲ್ಲಿ ಹರಕು ಬನಿಯನ್ನಿನ ಮುದುಕರೊಬ್ಬರು ಜೊಲ್ಲು ಸುರಿಸುತ್ತ ಕೂತಿದ್ದರು. ಅವರನ್ನು ಕರೆದಳು. ಅಪ್ಪ, ಅಂಗಿ ಮುದುಡೀತೆಂದು, ನೆಟ್ಟಗೆ ಕೂತಿದ್ದರು. "ತಾತ ಮದುಮಗನ ಥರ ಇದಾರೆ! ವಯಸ್ಸಾದ್ಮೇಲೆ ಏದುಸಿರು ಇದ್ದಿದ್ದೇ. ಮುಂದಿನ ವಾರ ಬನ್ನಿ" ಎಂದಳು. ನಿನ್ನ ಮುಖ ಅರಳಿತು. "ನೋಡಿದ್ಯಾ ಅಮ್ಮಾ" ಎಂದೆ.

ನೋಡಿದೆ, ಮಗಳೇ.

ಮುಂದಿನ ವಾರದವರೆಗೆ ಅವರು ಉಳಿಯಲಿಲ್ಲ. ಅದೇ ಅಂಗಿ ಹಾಕಿ ಕಳಿಸಿದೆವು. ಒಳ್ಳೇ ನಿದ್ದೆ ಮಾಡಿದ ಹಾಗಿದ್ದಾರೆ, ಮಗಳು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾಳೆ ಎಂದು ಬಂದವರೆಲ್ಲ ಹೊಗಳಿದರು. ನಿನಗೆ ಬೇಕಾಗಿದ್ದ ಮಾತು ಸಿಕ್ಕಿತು.

ಬೈಯಲು ಬರೆಯುತ್ತಿಲ್ಲ. ನಿನ್ನ ಕೈ ಬಹಳ ಹಗುರ. ಅವರ ಕತ್ತಿನ ಮೇಲೆ ಒಂದು ಗೀರೂ ಬೀಳಲಿಲ್ಲ.

ನಾನು ಇಲ್ಲಿ ಕ್ಷೇಮ.

ನಿನ್ನ
ಅಮ್ಮ

ತಾ.ಕ.: ಇಲ್ಲಿ ಎಂದರೆ ಅದೇ ಆಸ್ಪತ್ರೆ. ಹೊಟ್ಟೆಯಲ್ಲಿ ಗಂಟು. ತಲೆ ಬಾಚದೆ, ಹರಕು ಬಟ್ಟೆ ಉಟ್ಟು, ಬಾಯಿ ಬಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಅದೇ ನರ್ಸಮ್ಮ; ನನ್ನ ಗುರುತು ಸಿಗಲಿಲ್ಲ. "ಅಯ್ಯೋ ಅಜ್ಜೀ, ನಿಮಗೆ ಯಾರೂ ಇಲ್ವಾ?" ಎಂದಳು. ಇಲ್ಲ ಎಂದೆ. ಕೂಡಲೇ ಹಾಸಿಗೆ ಕೊಟ್ಟರು. ನೋಡಲು ಬರಬೇಡ ಪುಟ್ಟೀ. ನೀನು ಬಂದರೆ ಹಾಸಿಗೆ ಹೋಗುತ್ತದೆ.