ಗೌರಿಯ ಪಾಲಿನ ತೌಡು

ಯಮುನಾ,

ನಾನು ಅಕ್ಕಿ ಮಿಲ್ಲಿನ ಮಾರಪ್ಪನಲ್ಲಿಗೆ ಹೊರಟೆ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ, ಬೆಕ್ಕು ಒಳಗೇ ಇದೆ.

ನಿನ್ನೆ ತೀರ್ಥಹಳ್ಳಿಯಲ್ಲಿ ಡಾಕ್ಟರು ನನ್ನ ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು. ಮುನ್ನೂರ ಹತ್ತಿದ್ದ ಕೊಲೆಸ್ಟರಾಲು ಇನ್ನೂರ ಅರವತ್ತಕ್ಕೆ ಇಳಿದಿದೆ. "ತೌಡು ಹೀಗೆ ಮಾಡುತ್ತೆ ಅಂತ ಓದಿದ್ದೆ. ಕಣ್ಣಾರೆ ಕಂಡಿದ್ದು ಇದೇ ಮೊದ್ಲು. ಬಿಡ್ಬೇಡಿ ಜಯಪ್ಪ" ಅಂದರು. ನಾನು ತೌಡು ಮುಟ್ಟಿಯೇ ಇಲ್ಲವಲ್ಲ ಅಂದುಕೊಂಡೆ. ಆರು ತಿಂಗಳ ಹಿಂದೆ ಅವರು ತೌಡು ತಿನ್ನಿ ಅಂದಾಗ "ನಾನೇನು ದನವೇನ್ರೀ" ಎಂದು ಎದ್ದು ಬಂದವನು ನಾನು.

ಇವತ್ತು ಬೆಂಕಿಪೊಟ್ಟಣ ಹುಡುಕುವಾಗ ರೊಟ್ಟಿ ಹಿಟ್ಟಿನ ಡಬ್ಬಿಯ ಹಿಂದೆ, ಜರಡಿ ಹಿಡಿದು ಹುರಿದಿಟ್ಟ ತೌಡು ಸಿಕ್ಕಿತು. ಒಂದು ಹಿಡಿ ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟೆ. ಊದಿದರೆ ಹಾರುವ ಈ ಪುಡಿ ನನ್ನ ರಕ್ತವನ್ನು ತೊಳೆದಿದೆ.

ಗೌರಿ ಹಾಲು ಕಡಿಮೆ ಕೊಟ್ಟಾಗ, ತೌಡು ಕದಿಯುತ್ತಾನೆಂದು ಮಾರಪ್ಪನನ್ನು ಬೈದೆನಲ್ಲ, ನೀನು ಪಕ್ಕದಲ್ಲೇ ನಿಂತು ಸೆರಗು ಸರಿಮಾಡಿಕೊಂಡೆ. ಆಗಲಾದರೂ ಬಾಯಿ ಬಿಡಬಾರದಿತ್ತೇ?

ಅವನಲ್ಲಿ ತಪ್ಪಾಯಿತು ಎಂದು ಹೇಳಿ, ಎರಡು ಚೀಲ ತೌಡು ತರುತ್ತೇನೆ. ಅಪ್ಪ ಎದೆ ಹಿಡಿದುಕೊಂಡು ಕುಸಿದ ವಯಸ್ಸು ನನಗೂ ಬಂತು. ಇನ್ನು ರೊಟ್ಟಿ ಹಿಟ್ಟಿಗೆ ನನ್ನೆದುರಿಗೇ ಬೆರೆಸು, ತಿನ್ನುತ್ತೇನೆ.

ಆದರೆ ಕೊಟ್ಟಿಗೆಗೆ ಮೊದಲು ಹಾಕು. ಆರು ತಿಂಗಳು ಗೌರಿ ತನ್ನ ಪಾಲು ನನಗೆ ಬಿಟ್ಟುಕೊಟ್ಟಿದ್ದಾಳೆ.

ಜಯಪ್ಪ