ನಿದ್ದೆಕೋಶಗಳ ಹಬ್ಬ

ಬ್ಯಾಡಗಿ,
ಫೆಬ್ರವರಿ ಮೂವತ್ತು, 2263

ಹಿಂದಿನ ಕಾಲದ ಬಂಧುಗಳಿಗೆ ಶರಣು. ಫೆಬ್ರವರಿಗೆ ಮೂವತ್ತನೆಯ ತಾರೀಖೇ ಎಂದು ಹುಬ್ಬೇರಿಸಬೇಡಿ, ನಮ್ಮ ಕ್ಯಾಲೆಂಡರು ಹಾಗೆ ತಿದ್ದಿಕೊಂಡಿದೆ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು. ಕ್ಷಮಿಸಿ, ಆದರೆ ಓದಿ ಮುಗಿಸಿ.

ಹೊಟ್ಟೆಯ ಒಳಪದರ ದಿನವೂ ಸವೆಯುತ್ತದೆ, ಅದನ್ನು ಹೊಸದಾಗಿ ಕಟ್ಟುವುದು ಕಾಂಡಕೋಶಗಳು ಎಂದು ನೀವು ಬಲ್ಲಿರಿ. ಪದರದ ತಳದಲ್ಲಿ ಇನ್ನೊಂದು ಬಗೆಯ ಕೋಶಗಳಿವೆ. ಅವು ಜೀರ್ಣರಸ ಸುರಿಸಿಕೊಂಡು ತಮ್ಮ ಪಾಡಿಗೆ ಇರುತ್ತವೆ. ದೊಡ್ಡ ಗಾಯವಾದಾಗ ಮಾತ್ರ ಎದ್ದು ಕಾಂಡಕೋಶಗಳ ಕೆಲಸಕ್ಕೆ ಕೈ ಹಚ್ಚುತ್ತವೆ. ನಾವು ಅವನ್ನು ನಿದ್ದೆಕೋಶ ಎನ್ನುತ್ತೇವೆ. ಗಾಯವಿಲ್ಲದೆಯೂ ಅವನ್ನು ಎಬ್ಬಿಸುವ ಗುಳಿಗೆ ನಮ್ಮ ಅಜ್ಜಂದಿರ ಕಾಲದಲ್ಲಿ ಬಂತು. ಹಳೆಯ ಹುಣ್ಣುಗಳು ಮಾಯ್ದವು, ಜನ ಕುಣಿದಾಡಿದರು, ಮದ್ದು ಹಬ್ಬವಾಯಿತು. ಈಗ ಪ್ರತಿ ವರ್ಷ ಪದರಹಬ್ಬದ ದಿನ ಮನೆಮಂದಿಯೆಲ್ಲ ಗುಳಿಗೆ ನುಂಗುತ್ತಾರೆ. ವಾರ ಕಳೆದ ಮೇಲೆ ಕೆಂಪುಚಟ್ನಿ, ರೊಟ್ಟಿ ಉಂಡು ಹೊಸ ಹೊಟ್ಟೆಯನ್ನು ಪರೀಕ್ಷಿಸುತ್ತಾರೆ. ಹೆಚ್ಚು ಖಾರ ತಿಂದವರಿಗೆ ಊರವರು ರುಮಾಲು ಸುತ್ತುತ್ತಾರೆ. ನನ್ನ ತಂಗಿ ನೀಲಾಂಬಿಕೆ ಎಷ್ಟೋ ವರ್ಷ ಆ ರುಮಾಲನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಮ್ಮೂರ ಮೆಣಸಿನಕಾಯಿ ಬಣ್ಣಕ್ಕೆ ಸರಿ, ಖಾರಕ್ಕೆ ಸಾಲದು ಎಂದು ಗುಂಟೂರಿನದನ್ನು ತರಿಸುತ್ತಿದ್ದಳು.

ಪದೇ ಪದೇ ಎಬ್ಬಿಸಿದ ಕೋಶಗಳು ಕೊನೆಗೆ ಮಲಗುವುದನ್ನೇ ಮರೆತವು. ತಮ್ಮ ಕಸುಬು ಬಿಟ್ಟು ಸುಮ್ಮನೆ ಹೆಚ್ಚುತ್ತಾ ಹೋದವು. ನೀವು ಅದನ್ನು ಕ್ಯಾನ್ಸರ್ ಎನ್ನುತ್ತೀರಿ, ನಾವೂ ಹಾಗೆಯೇ ಎನ್ನುತ್ತೇವೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನೋಣವೆಂದರೆ ನಮಗೆ ಅದೂ ಬಂದಿಲ್ಲ.

ಅದೇ ರೋಗ ಹಿಡಿದ ನನ್ನ ತಂಗಿ ನೀಲವ್ವನಿಗೆ ಈಗ ಗಂಜಿಯೂ ಇಳಿಯುವುದಿಲ್ಲ. ಸೋಮವಾರ ಪದರಹಬ್ಬ, ಅವಳ ಮೊಮ್ಮಗಳು ಮಹಾಂತಿಗೆ ಮೊದಲ ಗುಳಿಗೆ. ಕೊಡಬೇಡವೆಂದು ಕೈ ಮುಗಿದೆ.

“ನನ್ನ ಹಣೆಬರಹ ಆ ಕೂಸಿಗ್ಯಾಕ ಹಚ್ಚತಿ, ಅಕ್ಕಾ? ಮಂದಿ ಮುಂದ ಆಕಿ ಕಚ್ಚಾ ಹೊಟ್ಟಿಯಾಕಿ ಅನಿಸ್ಕೋಬೇಕೇನು?” ಎಂದಳು.

ಗುಳಿಗೆ ನುಂಗದವರನ್ನು ನಾವು ಹಾಗೆ ಹಂಗಿಸುತ್ತೇವೆ. ಅಂಥವರ ಮನೆಗೆ ಹೆಣ್ಣು ಕೇಳಲು ಯಾರೂ ಬರುವುದಿಲ್ಲ. ನೀಲವ್ವನ ಮಾತು ಕೇಳಿದರೆ ಸಿಟ್ಟು ಬರುತ್ತದೆ, ಅವಳ ಕೈ ಹಿಡಿದರೆ ಅಳು ಬರುತ್ತದೆ. ಮಹಾಂತಿ ಹೊಸ ಲಂಗ ಹೊಲಿಸಿಕೊಂಡು ದಾರಿ ಕಾಯುತ್ತಿದ್ದಾಳೆ.

ನಿಮ್ಮಲ್ಲಿ ಆ ಗುಳಿಗೆ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಗಾಯವಾದವರಿಗೆ ಕೊಡಿ, ಕೊಟ್ಟು ನಿಲ್ಲಿಸಿ. ಅದನ್ನು ಹಬ್ಬ ಮಾಡಬೇಡಿ. ನೀವು ಅಲ್ಲಿ ತಡೆದರೆ ಇಲ್ಲಿ ಹಬ್ಬವೇ ಇರುವುದಿಲ್ಲ. ನೀಲವ್ವ ಹಾಸಿಗೆಯಿಂದಲೇ ಹೇಳಿ ಹಬ್ಬದ ಚಟ್ನಿಗೆಂದು ಹರವಿಸಿದ ಮೆಣಸಿನಕಾಯಿಯೂ ನಮ್ಮ ಅಂಗಳದಲ್ಲಿ ಇರುವುದಿಲ್ಲ.

ಈ ಸಾಲು ಬರೆದು ಕಿಟಕಿಯಿಂದ ನೋಡಿದೆ. ಮೆಣಸಿನಕಾಯಿ ಇನ್ನೂ ಇದೆ.

ನಿಮ್ಮ ಮುಂದಿನವಳು,
ಶಾಂಭವಿ