ಸಂಜೆ ಆರರ ನೆರಳು

ಮಂಗಳವಾರ, ಊಟದ ಬಿಡುವು

ನನ್ನ ಫ್ಯೂಸಪ್ಪನಿಗೆ,

ಜೈಲಿನವರು ಕೊಟ್ಟ ಮಾತು: ವಾರಕ್ಕೊಂದು ಪತ್ರ, ತಿಂಗಳಿಗೊಂದು ಭೇಟಿ, ಭಾನುವಾರ ಟಿವಿಯಲ್ಲಿ ಸಿನಿಮಾ. ಕೊಟ್ಟದ್ದು ಸಿನಿಮಾ ಒಂದೇ. ತಡವಾಯಿತೆಂದು ಮುನಿಯಬೇಡ. ‘ನಾಯಕ ಒದ್ದ ಲಾರಿ ಆಕಾಶಕ್ಕೆ ಹಾರಿತು, ಭೌತಶಾಸ್ತ್ರದಲ್ಲಿ ಸೊನ್ನೆ, ಮಿಂಚು ಗುಡುಗು ಒಟ್ಟಿಗೇ ಬಂದವು, ಎರಡು ಅಂಕ ಕಡಿತ’ ಎಂದು ಸಿನಿಮಾಗಳಿಗೆ ಅಂಕ ಹಾಕಿ ನಾವಾಡುವ ಆಟವನ್ನು ಅಲ್ಲಿಯ ಅಧಿಕಾರಿ ಗುಪ್ತ ಸಂಕೇತವೆಂದುಕೊಂಡು ಪತ್ರಗಳನ್ನೆಲ್ಲ ವಾಪಸು ಕಳಿಸಿದ. ಅವನಿಗೂ ಸೊನ್ನೆ. ಇದನ್ನು ವಕೀಲರ ಕೈಯಲ್ಲಿ ಕೊಡುತ್ತಿದ್ದೇನೆ.

ತಮ್ಮ ಗೋಡೌನಿಗೆ ತಾವೇ ಬೆಂಕಿ ಇಟ್ಟವರು ವಿಮೆ ಎಣಿಸುತ್ತಿದ್ದಾರೆ, ಕೂಲಿ ಕೇಳಿದ ನೀನು ಕಂಬಿ ಎಣಿಸುತ್ತಿದ್ದೀಯ. ಅವರ ಕೈಯಲ್ಲಿರುವುದು ಗೋಡೌನಿನ ಬಾಗಿಲಲ್ಲಿ ವೈರು ಹಿಡಿದು ನಿಂತ ನಿನ್ನ ಫೋಟೊ, ಬೆಂಕಿ ಬಿದ್ದ ದಿನ ಸಂಜೆ ಆರಕ್ಕೆ ತೆಗೆದದ್ದಂತೆ, ಜೊತೆಗೆ ಮೇಸ್ತ್ರಿಯಾದ ನನ್ನ ಅಣ್ಣನ ಸಾಕ್ಷಿ. “ಏನ್ ಮಾಡ್ಲಿ ತಂಗೀ, ಸಂಜೆ ಆರಕ್ಕೆ ದೂರದಿಂದ ನೋಡ್ದೆ. ಸುಳ್ಳು ಹೇಳೋಕಾಗುತ್ತಾ?” ಎನ್ನುತ್ತಾನೆ. ಫೋಟೊ ತೆಗೆದದ್ದು ಮಧ್ಯಾಹ್ನ, ವೈರಿಂಗ್ ರಿಪೇರಿಯ ಹೊತ್ತಿನಲ್ಲಿ ಎಂದು ನೀನು ಬಡಕೊಂಡರೂ ಕೇಳಿದವರಿಲ್ಲ.

ಹೋದ ವಾರ ಭಾನುವಾರ ಸಿನಿಮಾದಲ್ಲಿ ನಾಯಕ ಹುಟ್ಟುವ ಸೂರ್ಯನಿಗೆ ಕೈಮುಗಿದ. ಮಗಳು ಎದ್ದು ಕುಣಿದಳು. “ಅಮ್ಮಾ, ಮೋಸ! ಬೆಳಗಾಗೋ ಹೊತ್ತಲ್ಲಿ ನೆರಳು ಕಾಲ್ಕೆಳಗಾ? ಐದು ಅಂಕ ಕಟ್!” ಆಮೇಲೆ ಒಳಗೋಡಿದಳು. ಪೇಪರಿನಿಂದ ಕತ್ತರಿಸಿಟ್ಟ ನಿನ್ನ ಫೋಟೊ ತಂದು ತೋರಿಸಿದಳು. ನಿನ್ನ ನೆರಳೂ ಚಪ್ಪಲಿ ಬಿಟ್ಟು ಆಚೆ ಹೋಗಿಲ್ಲ.

ವಕೀಲರಿಗೆ ಹೇಳಿದರೆ ನಕ್ಕರು. “ಏನಮ್ಮ, ಸಿನಿಮಾ ನೋಡ್ಕೊಂಡು ಕೇಸು ನಡೆಸೋಣ ಅಂತೀಯಾ?”

“ಅಂಕಲ್, ಆರು ಗಂಟೆಗೆ ಹೊರಗೆ ಬನ್ನಿ,” ಅಂದಳು ನಿನ್ನ ಮಗಳು. ಬಂದರು. ಅವರ ನೆರಳು ರಸ್ತೆ ದಾಟಿ ಎದುರುಗೋಡೆ ಹತ್ತಿತ್ತು. ಹೊಟ್ಟೆಯೂ ಉದ್ದವಾಗಿತ್ತು. ನಗು ನಿಂತಿತು, ಫೋಟೊದ ಹೊತ್ತನ್ನು ಮತ್ತೆ ಪರಿಶೀಲಿಸಬೇಕೆಂದು ಮರುದಿನವೇ ಅರ್ಜಿ ಹಾಕಿದರು.

ಎದೆಗುಂದಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಮಗಳು ನಿನಗೆ ನೂರಕ್ಕೆ ನೂರು ಕೊಟ್ಟಿದ್ದಾಳೆ.

ನಿನ್ನವಳು

ಮತ್ತೆ: ಫೋಟೊದ ಅಂಚಿನಲ್ಲಿ ಏಣಿ ಹಿಡಿದ ಒಂದು ಕೈಯಿದೆ, ಮೊಣಕೈಗೆ ಕತ್ತರಿಸಿಹೋಗಿದೆ. ಮಣಿಕಟ್ಟಿನ ಸುಟ್ಟ ಕಲೆ ನನಗೆ ಗೊತ್ತು. ಚಿಕ್ಕಂದಿನಲ್ಲಿ ಅದಕ್ಕೆ ಎಣ್ಣೆ ಹಚ್ಚಿದವಳು ನಾನು. ಅಣ್ಣ ದೂರದಲ್ಲಿರಲಿಲ್ಲ, ಆ ಮಧ್ಯಾಹ್ನ ನಿನ್ನ ಪಕ್ಕದಲ್ಲೇ ಇದ್ದ. ಏಣಿ ಹಿಡಿದವನು ಯಾರೆಂದು ನೀನೂ ಇಷ್ಟು ದಿನ ಬಾಯಿ ಬಿಡಲಿಲ್ಲ. ನನ್ನ ತವರು ಉಳಿಯಲಿ ಅಂತ ತಾನೆ? ನನ್ನನ್ನು ಕೇಳಬೇಕಿತ್ತು. ವಕೀಲರಿಗೆ ನಾನೇ ಹೇಳಿದ್ದೇನೆ. ಅಣ್ಣನನ್ನು ಮತ್ತೆ ಕಟಕಟೆಗೆ ಕರೆಯುತ್ತಾರೆ; ಎದುರಿನ ಬೆಂಚಿನಲ್ಲಿ ನಾನಿರುತ್ತೇನೆ. ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.